ಮುಯ್ಯಿ ಅಂದುಬಿಟ್ಟೆ

ಆಗಸ್ಟ್ 12, ಸೋಮವಾರ

ಹೆಂಡತಿ ಶಿವರುದ್ರಿ ಇವತ್ತು ದಾವಣಗೆರೆ ಬಸ್ಸು ಹತ್ತಿದಳು. ಮಗಳು ಚೈತ್ರಳ ಬಾಣಂತನ, ಮೂರು ತಿಂಗಳು. "ಅಲ್ಲೀವರೆಗೂ ಏನ್ ಮಾಡ್ಕೊಂಡು ತಿಂತೀರ?" ಅಂತ ಕಿಟಕಿಯಿಂದ ಕೇಳಿದಳು. ಚಿಕ್ಕನಾಯಕನಹಳ್ಳಿ ಬಸ್‌ಸ್ಟ್ಯಾಂಡನ್ನೇ ಅಷ್ಟು ವರ್ಷ ನಡೆಸಿದವನು ಒಂದು ಒಲೆ ನಡೆಸಲಾರೆನಾ ಅಂದೆ. ಅವಳು ಪಕ್ಕದ ಸೀಟಿನವಳ ಕಿವೀಲಿ ಏನೋ ಹೇಳಿದಳು, ಇಬ್ಬರೂ ನಕ್ಕರು.

ಟ್ರಾಫಿಕ್ ಕಂಟ್ರೋಲರ್ ಕೆಲಸದಿಂದ ನಿವೃತ್ತನಾದ ಮೇಲೆ ಮೈಕು ಕೈಲಿಲ್ಲದೆ ಗಂಟಲು ತುಕ್ಕು ಹಿಡಿದಿದೆ. ಜನ ಈಗಲೂ ಟೀಸಿ ತೋಂಟದಾರ್ಯ ಅಂತಲೇ ಕರೀತಾರೆ, ಆದರೆ ಬರೀ ಹೆಸರು ಇಟ್ಕೊಂಡು ಏನು ಮಾಡೋದು? ಅದಕ್ಕೇ ಸಮಾಜಸೇವೆಗೆ ಇಳಿದಿದ್ದೇನೆ. ತಿಪಟೂರಲ್ಲಿ ಶಾಮಿಯಾನ ಅಂಗಡಿ ಇಟ್ಟಿರುವ ನನ್ನ ಸ್ನೇಹಿತ ಮಾಯಣ್ಣ ಒಂದು ಟ್ರಸ್ಟ್ ಮಾಡಿದ್ದಾನೆ. ಅವನು ಅಧ್ಯಕ್ಷ, ನಾನು ಕ್ಷೇತ್ರ ಸಂಯೋಜಕ. ಸಂಯೋಜಕ ಅಂದರೆ ಏನು ಮಾಡಬೇಕು ಅಂತ ಕೇಳಿದೆ. "ಓಡಾಡ್ಬೇಕು ಕಣ್ಲಾ" ಅಂದ.

ಮೊದಲ ಕೆಲಸ ಬೋರೆ ದಿಬ್ಬದ ಮೇಲಿನ ಕಾಲೋನಿ. ಅಲ್ಲಿನ ಹೆಂಗಸರು ತೋಟಗಳಲ್ಲಿ ಬಿದ್ದ ತೆಂಗಿನ ಗರಿ ಹೊತ್ತು ತಂದು, ಕಡ್ಡಿ ಹೆರೆದು, ಪೊರಕೆ ಕಟ್ಟಿ ಮಾರುತ್ತಾರೆ. ಮಳೆ ಬಿದ್ದರೆ ಕಡ್ಡಿ ಕಪ್ಪಾಗುತ್ತೆ, ಯಾರೂ ಕೊಳ್ಳಲ್ಲ. ಅವರಿಗೆ ಬೇಕಾಗಿರೋದು ಒಂದು ಶೆಡ್ಡು. ಬೆಂಗಳೂರಿನ ಒಂದು ಫೌಂಡೇಶನ್ ಕಟ್ಟಿಸಿಕೊಡುತ್ತಂತೆ. ಆದರೆ ಅವರ ಮೇಡಂ ಬಂದು, ಕಣ್ಣಾರೆ ನೋಡಿ, ಬಡವರು ಹೌದು ಅಂತ ಒಪ್ಪಬೇಕು. ಅಷ್ಟರಲ್ಲಿ ನಾವು ಫಲಾನುಭವಿಗಳ ವಿಶ್ವಾಸ ಗಳಿಸಬೇಕು. ಫಲಾನುಭವಿ ಅನ್ನೋ ಮಾತು ಬಾಯಿಗೆ ಚೆನ್ನಾಗಿ ಹಿಡಿಸಿದೆ.

ಆಗಸ್ಟ್ 17, ಶನಿವಾರ

ಕಂಬಳಿ ವಿತರಣೆ ಅದ್ದೂರಿಯಾಗಿ ಆಯಿತು. ಮಾಯಣ್ಣ ಕಾಲೋನಿಗಿಂತ ದೊಡ್ಡ ಶಾಮಿಯಾನ ಹಾಕಿಸಿದ್ದ. ಬ್ಯಾನರಿನಲ್ಲಿ "ಬಡವರಿಗೆ ದಾನ" ಅಂತ ಬರೆಸಿದ್ದ, ಕೆಳಗೆ ಅವನ ಫೋಟೊ. ದಾನ ಅನ್ನೋ ಮಾತು ನನಗೆ ಸರಿಬರಲಿಲ್ಲ. ಎದುರಿಗೆ ಕೂತವರ ಮುಖಕ್ಕೆ ದಾನ ಅಂತ ಹೇಳೋದು ಏನು ಚೆಂದ? ಮೈಕು ಕೈಗೆ ಬಂದ ತಕ್ಷಣ ಹಳೇ ಉತ್ಸಾಹ ನುಗ್ಗಿತು. "ಇದು ದಾನ ಅಲ್ಲ. ನಮ್ಮ ಮನೆಯಿಂದ ನಿಮ್ಮ ಮನೆಗೆ ಮುಯ್ಯಿ ಅಂತ ತಿಳ್ಕೊಳ್ಳಿ" ಅಂದೆ.

ಸಭೆ ಗಪ್‌ಚುಪ್ ಆಯಿತು. ಮಾತು ಅಷ್ಟು ಹೃದಯಕ್ಕೆ ತಟ್ಟಿದೆ. ಮುಂದೆ ಕೂತಿದ್ದ ಚಿಕ್ಕಗಂಗಮ್ಮ, ಪೊರಕೆ ಕಟ್ಟೋ ಹೆಂಗಸರಿಗೆಲ್ಲ ಹಿರಿಯಳು, ಎದ್ದು ನಿಂತಳು. "ಟೀಸಿಯೋರೆ, ಮುಯ್ಯಿ ಅಂದ್ರಾ?"

"ಹೌದಮ್ಮ."

"ಮುಯ್ಯಿನೇ ತಾನೆ? ಆಮೇಲೆ ಇಲ್ಲ ಅನ್ನಂಗಿಲ್ಲ."

"ಮುಯ್ಯಿನೇ ಕಣಮ್ಮ" ಅಂದೆ. ಅವಳು ಗಂಡ ಕೆಂಚಯ್ಯನ ಮುಖ ನೋಡಿದಳು. ಅವನು ಆಕಾಶ ನೋಡಿದ.

ಆಗಸ್ಟ್ 18, ಭಾನುವಾರ

ಹಲ್ಲುಜ್ಜುತ್ತಿದ್ದೆ, ಗೇಟಿನ ಹತ್ತಿರ ಗುಜುಗುಜು. ಇಡೀ ಕಾಲೋನಿ ಬಂದು ನಿಂತಿದೆ. ಒಬ್ಬೊಬ್ಬರ ಕೈಲೂ ಏನಾದರೊಂದು. ಹುರುಳಿಕಾಳು, ಅವರೆಕಾಳು, ಸುಲಿದ ಕಾಯಿ, ಹುಣಸೆಹಣ್ಣು, ಪೊರಕೆ, ಪೊರಕೆ, ಮತ್ತೆ ಪೊರಕೆ.

"ಮುಯ್ಯಿ ತೀರ್ಸಕ್ಕೆ ಬಂದ್ವಿ" ಅಂದಳು ಚಿಕ್ಕಗಂಗಮ್ಮ. "ತಡ ಮಾಡುದ್ರೆ ಚೆಂದಾಗಿರಕಿಲ್ಲ."

ಮುಯ್ಯಿ ಅಂದರೆ ಏನು ಅಂತ ನನಗೆ ಗೊತ್ತಿಲ್ಲವಾ? ನಮ್ಮ ಮನೆ ಮದುವೇಲಿ ಯಾರಾದರೂ ಚೊಂಬು ಮುಯ್ಯಿ ಮಾಡಿದರೆ, ಅವರ ಮನೆ ಮದುವೇಲಿ ನಾವು ಚೊಂಬಿನ ಮೇಲೊಂದು ತಟ್ಟೆ ಇಟ್ಟು ತೀರಿಸಬೇಕು. ಮೇಲೊಂದಿಷ್ಟು ಹಾಕದಿದ್ದರೆ ಮರ್ಯಾದೆ ಹೋಯಿತು. ವಾಪಸ್ ಕಳಿಸಿದರಂತೂ ಸಂಬಂಧವೇ ಹರಿಯಿತು. ಎಲ್ಲ ಗೊತ್ತು. ಆದರೆ ಭಾಷಣದಲ್ಲಿ ಹೇಳಿದ್ದನ್ನು ಜನ ನಿಜ ಅಂತ ತಗೋತಾರೆ ಅಂತ ಯಾರು ಕನಸು ಕಂಡಿದ್ದರು? ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಕೊನೆಗೆ ಕೆಂಚಯ್ಯ ಟವಲಿನೊಳಗಿಂದ ಒಂದು ಕೋಳಿ ತೆಗೆದ. ನಮ್ಮದು ಲಿಂಗಪೂಜೆ ಮಾಡೋ ಮನೆ ಕಣಪ್ಪ ಅಂದೆ. "ತಿನ್ನಾಕಿಲ್ಲ ಅಂತ ಗೊತ್ತು ಬುಡಿ. ನೀವು ಕಂಬ್ಳಿ ಕೊಟ್ರಿ, ನಮ್ ಮೈ ಬೆಚ್ಚಗಾಯ್ತು. ಇದು ಓಡಾಡ್ಕಂಡಿದ್ರೆ ನಿಮ್ ಮನೆ ಬೆಚ್ಚಗಿರ್ತದೆ" ಅಂದ. ಕೋಳಿ ನೆಟ್ಟಗೆ ಒಳಗೆ ನಡೆದು ಶಿವರುದ್ರಿಯ ಕುರ್ಚಿ ಮೇಲೆ ಕೂತಿತು.

ಆಗಸ್ಟ್ 22, ಗುರುವಾರ

ಮಾಯಣ್ಣ ಬಂದು ನನ್ನ ಅಂಗಳ ನೋಡಿ ತಲೆ ಮೇಲೆ ಕೈ ಹೊತ್ತ. "ಏನ್ಲಾ ತೋಂಟಿ, ನಾವು ಅವ್ರಿಗೆ ಕೊಡೋ ಟ್ರಸ್ಟೋ, ಅವ್ರು ನಮಗೆ ಕೊಡೋ ಟ್ರಸ್ಟೋ? ಮೇಡಂಗೆ ಗೊತ್ತಾದ್ರೆ ನಿನ್ನೇ ಫಲಾನುಭವಿ ಅಂತಾರೆ" ಅಂದ. ಅವರು ತೀರಿಸಲಾಗದಷ್ಟು ಕೊಟ್ಟರೆ ತಾನಾಗೇ ಸುಮ್ಮನಾಗ್ತಾರೆ ಅಂತ ಇಬ್ಬರೂ ಕೂತು ಯೋಚನೆ ಮಾಡಿದೆವು. ಮನೆಗೊಂದು ಮುಚ್ಚಳದ ಸ್ಟೀಲ್ ಬಕೆಟ್ ಹಂಚಿ ಬಂದೆವು. ಈ ಸಲ ನಾನು ಬಾಯಿ ಬಿಡಲಿಲ್ಲ.

ಆಗಸ್ಟ್ 24, ಶನಿವಾರ

ಸುಮ್ಮನಾಗಲಿಲ್ಲ. ಬೆಳಿಗ್ಗೆ ಬಂದು ನನ್ನ ಬಾವಿ ಕೆಸರು ತೆಗೆದರು, ಹಿತ್ತಲ ಕಳೆ ಕಿತ್ತರು, ಮರ ಹತ್ತಿ ಕಾಯಿ ಕೆಡವಿದರು. ಗಂಡಸರು ಅಷ್ಟಕ್ಕೇ ನಿಲ್ಲಿಸದೆ ಹಂಚು ಕೈಯಾಡಿಸಿ ಸೋರೋ ಕಡೆ ಸರಿ ಮಾಡಿದರು. ಪಕ್ಕದ ಮನೆಯವರು ಇದೇನು ಟೀಸಿಯೋರೆ ಮನೇಲಿ ಮದುವೆನಾ ಅಂತ ಕೇಳಿದರು. ಸಮಾಜಸೇವೆ ಅಂದೆ.

ಆಗಸ್ಟ್ 27, ಮಂಗಳವಾರ

ಉಪ್ಪಿಟ್ಟು ಮಾಡಿದೆ. ಕೋಳಿ ಮೂಸಿ ನೋಡಿ ಹೊರಟುಹೋಯಿತು. ಬೇಕರಿಯಿಂದ ಬನ್ನು ತಂದೆ. ಶಿವರುದ್ರಿ ಫೋನ್ ಮಾಡಿ ಊಟ ಆಯ್ತಾ ಅಂದಳು. ಭರ್ಜರಿ ಅಂದೆ.

ಆಗಸ್ಟ್ 31, ಶನಿವಾರ

ಬನ್ನು. ಸಂಜೆ ಮನೆಯೊಳಗೆ ಯಾರೂ ಇಲ್ಲದ್ದರಿಂದ "ಹುಳಿಯಾರು ಕಡೆ ಹೋಗುವ ಪ್ರಯಾಣಿಕರ ಗಮನಕ್ಕೆ" ಅಂತ ಒಂದು ಸಲ ಕೂಗಿದೆ. ಕೋಳಿ ಎದ್ದು ಬಾಗಿಲ ಕಡೆ ಹೋಯಿತು. ಬುದ್ಧಿವಂತ ಪ್ರಾಣಿ.

ಸೆಪ್ಟೆಂಬರ್ 3, ಮಂಗಳವಾರ

ಸಮೀಕ್ಷೆಗೆ ಅಂತ ಕಾಲೋನಿಗೆ ಹೋದೆ, ಊಟದ ಹೊತ್ತಾಗಿತ್ತು. ಚಿಕ್ಕಗಂಗಮ್ಮ ಮುದ್ದೆ ಇಳಿಸುತ್ತಿದ್ದಳು. "ಕುಂತ್ಕಳಿ, ಒಂದ್ ಮುದ್ದೆ ಉಣ್ಣಿ" ಅಂದಳು. ನನಗೆ ಜಾತಿ ಗೀತಿ ಅಂತ ಏನೂ ಇಲ್ಲ, ಮೈಕಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೊಟ್ಟೆ ಸ್ವಲ್ಪ ಸೂಕ್ಷ್ಮ ಕಣಮ್ಮ, ಹೊರಗೆ ಉಣ್ಣಲ್ಲ ಅಂದೆ. ಅವಳು "ಸರಿ ಬುಡಿ" ಅಂತ ಪಾತ್ರೆ ಮುಚ್ಚಿದಳು. ಬೇಜಾರು ಮಾಡಿಕೊಂಡ ಹಾಗೂ ಕಾಣಲಿಲ್ಲ, ಅದೇ ಮಾತು ಬರುತ್ತೆ ಅಂತ ಮೊದಲೇ ಗೊತ್ತಿದ್ದವಳ ಹಾಗೆ ಇದ್ದಳು.

ದಾರಿಯುದ್ದಕ್ಕೂ ಆ ಸೂಕ್ಷ್ಮ ಹೊಟ್ಟೆ ಗುರ್ ಅಂತಿತ್ತು. ಮನಸ್ಸಿಗೆ ಒಂಥರಾ ಆಯಿತು. ಬಿಸಿಲಿಗೆ ಇರಬೇಕು. ಬಸ್‌ಸ್ಟ್ಯಾಂಡ್ ಹೋಟೆಲಲ್ಲಿ ಯಾರು ಮಾಡಿದ್ದು ಅಂತ ಕೇಳದೆ ಅಷ್ಟು ವರ್ಷ ಇಡ್ಲಿ ತಿಂದೆನಲ್ಲ ಅಂತ ಸುಮ್ಮಸುಮ್ಮನೆ ನೆನಪಾಯಿತು.

ಸೆಪ್ಟೆಂಬರ್ 12, ಗುರುವಾರ

ಮಧ್ಯಾಹ್ನ ಕಾಲೋನಿಯಲ್ಲಿದ್ದಾಗ ಎಲ್ಲಿತ್ತೋ ಮಳೆ, ಸುರೀತು. ಒಣಗೋಕೆ ಹಾಕಿದ್ದ ಕಡ್ಡಿಯೆಲ್ಲ ಬಯಲಲ್ಲಿ. ಹೆಂಗಸರು ಸೆರಗಲ್ಲಿ, ಬಕೆಟಲ್ಲಿ, ನಾವೇ ಕೊಟ್ಟ ಕಂಬಳಿಯಲ್ಲಿ ತುಂಬಿಕೊಂಡು ಓಡಿದರು. ನಾನೂ ಒಂದು ಹರಕು ಟಾರ್ಪಾಲಿನ ತುದಿ ಹಿಡಿದು ನಿಂತೆ. ಗಾಳಿ ಟಾರ್ಪಾಲನ್ನೂ ನನ್ನನ್ನೂ ಬೇಲಿಗೆ ಎತ್ತಿ ಹಾಕಿತು. ಯಾರೂ ನಗಲಿಲ್ಲ. ಕೆಂಚಯ್ಯ ಕೂಡ ನಗಲಿಲ್ಲ.

ಮಳೆ ನಿಂತ ಮೇಲೆ ಚಿಕ್ಕಗಂಗಮ್ಮ ನೆಂದ ಕಡ್ಡಿ ಒಂದು ಹಿಡಿ ಎತ್ತಿ ನೋಡಿದಳು. "ಇನ್ನು ಒಲೆಗೇ ಸೈ" ಅಂದಳು. ಅಷ್ಟೂ ಹೆಂಗಸರು ಬೆರಳು ಕುಯ್ಕೊಂಡು ಹೆರೆದ ಕಡ್ಡಿ. ಒಂದು ಸೂರಿದ್ದರೆ ಇದೊಂದೂ ಆಗ್ತಿರಲಿಲ್ಲ. ನನಗೆ ಯಾರ ಮೇಲೆ ಅಂತ ಗೊತ್ತಾಗದೆ ವಿಪರೀತ ಸಿಟ್ಟು ಬಂತು. ಮಾಯಣ್ಣನಿಗೆ ಫೋನ್ ಮಾಡಿ ಬೈದೆ. ಮಳೆಗೆ ನಾನೇನ್ಲಾ ಮಾಡ್ಲಿ ಅಂದ.

ಮೈ ಕಾಯ್ತಿದೆ. ಮಲಗ್ತೀನಿ.

ಸೆಪ್ಟೆಂಬರ್ 16, ಸೋಮವಾರ

ಜ್ವರ. ಎರಡು ದಿನ ಏಳಲಿಲ್ಲ. ಬಾಗಿಲು ಹಾಕಿದ್ದು ನೋಡಿ ಕೆಂಚಯ್ಯ ಹಿತ್ತಲ ಗೋಡೆ ಹಾರಿ ಬಂದನಂತೆ. ಚಿಕ್ಕಗಂಗಮ್ಮ ಮುದ್ದೆ, ಹುರುಳಿಕಟ್ಟಿನ ಸಾರು ತಂದಿದ್ದಳು. ಉಂಡೆ. ಇನ್ನೊಂದು ಮುದ್ದೆ ಇದೆಯಾ ಅಂತ ಕೇಳಿದೆ.

"ಹೊಟ್ಟೆ ಸೂಕ್ಷ್ಮ ಅಂದಿದ್ರಿ?"

"ಸರಿಹೋಯ್ತು" ಅಂದೆ.

ಸೆಪ್ಟೆಂಬರ್ 25, ಬುಧವಾರ

ಊಟಕ್ಕೆ ಈಗ ದಿನಾ ಬೋರೆಗೇ ಹೋಗೋದು. ಸುಮ್ಮನೆ ಕೂತು ಉಂಡರೆ ಆಗುತ್ತಾ? ಕಡ್ಡಿ ಹೆರೆಯೋದು ಕಲೀತಿದ್ದೇನೆ. ಇವತ್ತು ಬೆರಳು ಹೆರೆದುಕೊಂಡೆ. ಚಿಕ್ಕಗಂಗಮ್ಮ ಅರಿಶಿನ ಮೆತ್ತಿ, ಹಳೇ ಸೀರೆ ಹರಿದು ಕಟ್ಟಿದಳು. "ಅಣ್ಣಯ್ಯ, ಕಡ್ಡಿ ಹೆರೀರಿ, ಬೆರಳಲ್ಲಿ ಪೊರಕೆ ಆಗಾಕಿಲ್ಲ" ಅಂದಳು. ಎಲ್ಲರೂ ನಕ್ಕರು. ನಾನು ಕಟ್ಟಿದ ಮೊದಲ ಪೊರಕೆ ಎತ್ತಿದ ತಕ್ಷಣ ಬಿಚ್ಚಿಕೊಂಡಿತು. ಕೆಂಚಯ್ಯ ಅದಕ್ಕೆ ಟೀಸಿ ಪೊರಕೆ ಅಂತ ಹೆಸರಿಟ್ಟ.

ಪ್ಯಾಂಟು ಹಾಕಿಕೊಂಡು ಚಕ್ಕಳಮಕ್ಕಳ ಕೂರೋಕಾಗಲ್ಲ ಅಂತ ಕೆಂಚಯ್ಯನದೇ ಒಂದು ಲುಂಗಿ ಉಟ್ಟುಕೊಂಡಿದ್ದೇನೆ, ಮೊಣಕಾಲ ಹತ್ತಿರ ತೂತಿದೆ, ಗಾಳಿ ಆಡುತ್ತೆ. ಗಡ್ಡ ಬಿಟ್ಟಿದ್ದೇನೆ. ಶಿವರುದ್ರಿ ಇಲ್ಲ, ಯಾರಿಗೆ ತೋರಿಸೋಕೆ ಕೆರೆದುಕೊಳ್ಳಲಿ? ಕೋಳಿಯನ್ನೂ ಚೀಲದಲ್ಲಿ ಕರೆದುಕೊಂಡು ಹೋಗ್ತೇನೆ. ಅದಕ್ಕೂ ನೆಂಟರಿಷ್ಟರು ಬೇಡವಾ?

ಅಕ್ಟೋಬರ್ 3, ಗುರುವಾರ

ಭಾನುವಾರ ಫೌಂಡೇಶನ್ನಿನ ಆಶಾ ಮೇಡಂ ಬರ್ತಾರೆ. ಮಾಯಣ್ಣ ಓಡಿ ಬಂದು, "ಬಡತನ ಎದ್ದು ಕಾಣ್ಬೇಕು ಕಣ್ಲಾ. ಕಾಲೋನಿಯೋರನ್ನ ನೋಡಿದ್ರೆ ಅನುಕೂಲಸ್ಥರ ಥರ ಕಾಣ್ತಾರೆ. ಹೋಗಿ ಹೇಳು" ಅಂದ.

ಹೋದೆ. ಹೇಳೋಕೆ ಬಾಯಿ ಬರಲಿಲ್ಲ, ಆದರೂ ಹೇಳಿದೆ. ಅವತ್ತು ಒಂದಿನ ಹಳೇ ಸೀರೆ ಉಟ್ಟರೆ ಆಗಬಹುದಾ ಅಂತ. ಅವರಾಗಲೇ ಒಬ್ಬಟ್ಟಿಗೆ ಬೇಳೆ ಆರಿಸುತ್ತಿದ್ದರು. ಚಿಕ್ಕಗಂಗಮ್ಮ ಮೊರ ಕೆಳಗಿಟ್ಟಳು. "ಮನೆಗೆ ಬರೋರ ಮುಂದೆ ಹರ್ಕಲು ಉಟ್ಕಂಡು ನಿಂತ್ಕಬೇಕಾ ಅಣ್ಣಯ್ಯ? ಶೆಡ್ ಬೇಕು, ದಿಟ. ಅದುಕ್ಕೆ ಅಂತ ನಾವು ಭಿಕ್ಷೆಯೋರ ವೇಷ ಹಾಕಾಕಿಲ್ಲ."

ಸರಿ ಅಂದೆ. ಸರಿಯಾಗೇ ಹೇಳಿದಳು. ಮಾಯಣ್ಣ ಬೇಕಾದರೆ ಹರಕಲು ಉಟ್ಟುಕೊಂಡು ಬರಲಿ. ಆದರೆ ಶೆಡ್ಡು? ಮಳೆಗಾಲ ಇನ್ನೂ ಮುಗಿದಿಲ್ಲ.

ಅಕ್ಟೋಬರ್ 6, ಭಾನುವಾರ

ಎಲ್ಲಾ ಬರೀಬೇಕು.

ಬೆಳಿಗ್ಗೆ ಬೇಗ ಹೋಗಿ ಸಾಲುಮರದ ಹೊಂಗೆ ಕೆಳಗೆ ಕೂತು ಕಡ್ಡಿ ಹೆರೆಯುತ್ತಿದ್ದೆ. ಮೇಡಂ ಹನ್ನೊಂದಕ್ಕೆ ಅಂದಿದ್ದರು, ಮನೆಗೆ ಹೋಗಿ ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕಿಕೊಂಡು ಸಂಯೋಜಕನಾಗಿ ಬರೋಣ ಅಂತ ಲೆಕ್ಕ. ಅವರು ಒಂಬತ್ತಕ್ಕೇ ಬಂದುಬಿಟ್ಟರು. ಎಲ್ಲಾ ಬಸ್ಸೂ ತಡವಾಗಿ ಬರೋದನ್ನ ನೋಡಿ ನೋಡಿ ಬೇಗ ಬರೋದೂ ಉಂಟು ಅಂತ ಮರೆತಿದ್ದೆ.

ಕಾಲೋನಿ ಕಣ್ಣು ಕುಕ್ಕುತ್ತಿತ್ತು. ಬಾಗಿಲಿಗೆ ತೋರಣ, ಅಂಗಳಕ್ಕೆ ರಂಗೋಲಿ, ಹೆಂಗಸರೆಲ್ಲ ಹಬ್ಬದ ಸೀರೆ. ಮೇಡಂಗೆ ಅರಿಶಿನ ಕುಂಕುಮ ಕೊಟ್ಟು, ಕಾಯಿ ಇಟ್ಟು ಮಡಿಲು ತುಂಬಿದರು. ಒಬ್ಬಟ್ಟಿನ ಮೇಲೆ ತುಪ್ಪ ಸುರಿದರು. ಮೇಡಂ ಎರಡು ಒಬ್ಬಟ್ಟು ತಿಂದು ಮಾಯಣ್ಣನ ಕಡೆ ತಿರುಗಿ ಮೆತ್ತಗೆ ಅಂದರು, "ತುಂಬಾ ಚೆನ್ನಾಗಿದ್ದಾರೆ ಇವರು. ಇದಕ್ಕಿಂತ ಕಷ್ಟದಲ್ಲಿರೋ ಊರುಗಳಿಗೆ ಮೊದಲು ಕೊಡಬೇಕಲ್ವಾ?" ಮಾಯಣ್ಣನ ಬಾಯಲ್ಲಿ ಒಬ್ಬಟ್ಟು ಹಾಗೇ ನಿಂತಿತು.

ಆಗ ಅವರ ಕಣ್ಣು ಹೊಂಗೆಮರದ ಕಡೆ ಹೊರಳಿತು. ಗಡ್ಡ, ತೂತು ಲುಂಗಿ, ಬೆರಳಿಗೆ ಚಿಂದಿ, ಪಕ್ಕದಲ್ಲಿ ಕೋಳಿ. "ಈ ಅಜ್ಜ ಯಾರು?" ಅಂದರು.

ಮಾಯಣ್ಣ ಬಾಯಿ ತೆಗೆದ. ಮುಚ್ಚಿದ. ಮೇಡಂ ಬಂದು ನನ್ನ ಮುಂದೆ ಮಣ್ಣಲ್ಲೇ ಕೂತರು.

"ಅಜ್ಜಾ, ಮನೇಲಿ ಯಾರಿದ್ದಾರೆ?"

"ಸದ್ಯಕ್ಕೆ ಯಾರೂ ಇಲ್ಲಮ್ಮ" ಅಂದೆ. ನಿಜವೇ.

"ಊಟಕ್ಕೆ?"

"ಇವರು ಹಾಕ್ತಾರೆ." ಅದೂ ನಿಜವೇ.

"ಮುಂಚೆ ಏನ್ ಮಾಡ್ತಿದ್ರಿ?"

ನಾನು ಹೇಳೋದರೊಳಗೆ ಕೆಂಚಯ್ಯ ಹಿಂದಿನಿಂದ ಅಂದ, "ಪಾಪ, ಬಸ್‌ಸ್ಟ್ಯಾಂಡಲ್ಲಿ ಕೂಗ್ತಾ ಕುಂತಿರೋರು ಮೇಡಂ, ಬೆಳಿಗ್ಗೆಯಿಂದ ಸಂಜೆಗಂಟ. ಯಾರೂ ಸರಿಯಾಗಿ ಕೇಳಿಸ್ಕೊಳ್ತಿರ್ಲಿಲ್ಲ." ನಿಜ. ಹಾಳಾದವನು ಒಂದಕ್ಷರವೂ ಸುಳ್ಳು ಹೇಳಲಿಲ್ಲ.

ಮೇಡಂ ಕಣ್ಣು ಒರೆಸಿಕೊಂಡರು. ಕಾರಿನಿಂದ ಒಂದು ಶಾಲು ತರಿಸಿದರು. ಫೋಟೊದವನು ಬಂದು ನಿಂತ. ನಾನು ಈ ಟ್ರಸ್ಟಿನ ಕ್ಷೇತ್ರ ಸಂಯೋಜಕ, ಟಿ.ಸಿ. ತೋಂಟದಾರ್ಯ, ನಿವೃತ್ತ ಅಂತ ಮಾತು ನಾಲಿಗೆ ತುದಿಗೆ ಬಂದಿತ್ತು. ನನ್ನ ಜನ್ಮದಲ್ಲಿ ಯಾರ ಮುಂದೂ ಕೈ ಒಡ್ಡಿದವನಲ್ಲ. ತಲೆ ಎತ್ತಿದೆ. ಚಿಕ್ಕಗಂಗಮ್ಮ ನನ್ನನ್ನು ನೋಡುತ್ತಿರಲಿಲ್ಲ, ಒಣಗೋಕೆ ಹಾಕಿದ್ದ ಕಡ್ಡಿ ನೋಡುತ್ತಿದ್ದಳು. ಹುಳಿಯಾರು ಕಡೆಯಿಂದ ಮೋಡ ಏಳ್ತಿತ್ತು.

ಎರಡೂ ಕೈ ಚಾಚಿದೆ. ಕೈ ಹೀಗೆ ನೀಡೋದು ಇಷ್ಟು ಕಷ್ಟ ಅಂತ ಯಾರೂ ಹೇಳಿರಲಿಲ್ಲ. ಆಗಸ್ಟಿನಲ್ಲಿ ಇವರನ್ನು ಸಾಲಾಗಿ ನಿಲ್ಲಿಸಿ, ಕ್ಯಾಮೆರಾ ಕಡೆ ನೋಡಿ ಅಂತ ಮೈಕಲ್ಲಿ ಕೂಗಿದ್ದೆ ನಾನೇ.

"ಇಂಥ ಅಜ್ಜಂದಿರು ಬಯಲಲ್ಲಿ ಕೂತು ಕೆಲಸ ಮಾಡಬಾರದು. ಶೆಡ್ ಕಟ್ಟಿಸ್ತೀವಿ" ಅಂದರು ಮೇಡಂ. ಮಾಯಣ್ಣ ಮಿಕ್ಕ ಒಬ್ಬಟ್ಟು ನುಂಗಿದ.

ಅಕ್ಟೋಬರ್ 8, ಮಂಗಳವಾರ

ಫೋಟೊ ಫೌಂಡೇಶನ್ನಿನವರ ಫೇಸ್‌ಬುಕ್ಕಿಂದ ಹೊರಟು ಎಲ್ಲೆಲ್ಲೋ ಸುತ್ತಿ ದಾವಣಗೆರೆಗೆ ಮುಟ್ಟಿದೆ. ಕೆಳಗೆ "ನಿರ್ಗತಿಕ ಅಜ್ಜನ ಮುಖದಲ್ಲಿ ನಗು" ಅಂತ ಬರೆದಿದ್ದಾರೆ. ನಾನು ನಕ್ಕೇ ಇಲ್ಲ, ಅದು ಸೀನು ಬರೋ ಮುಂಚಿನ ಮುಖ.

ಶಿವರುದ್ರಿ ಫೋನ್ ಮಾಡಿದಳು. "ಬೀಗರ ಮನೇಲಿ ಎಲ್ಲರೂ ನೋಡಿದ್ರು ಕಣ್ರೀ. ಭರ್ಜರಿ ಊಟ ಅಂದ್ರಲ್ಲ, ಇದಾ?" ವಿಷಯ ವಿವರವಾಗಿ ಹೇಳಿದೆ. ಆ ಕಡೆ ಮೂಗಿನ ಸೊರಸೊರ ಕೇಳಿಸಿತು. ಅಳ್ತಿದ್ದಾಳೆ ಅಂದುಕೊಂಡೆ. ನಗ್ತಿದ್ದಳು. "ನನ್ ಕುರ್ಚಿ ಮೇಲೆ ಕೋಳಿ ಕೂರ್ಸಿಲ್ಲ ತಾನೆ?" ಅಂತ ಕೊನೇಲಿ ಕೇಳಿದಳು. ಸಿಗ್ನಲ್ ಸಿಗ್ತಿಲ್ಲ ಅಂದೆ.

ನವೆಂಬರ್ 9, ಶನಿವಾರ

ಶೆಡ್ಡು ಎದ್ದು ನಿಂತಿದೆ. ಗಟ್ಟಿ ಕಂಬ, ಹೊಸ ಶೀಟು. ನಾವು ನಿನ್ನೆಯೇ ಕಡ್ಡಿಯೆಲ್ಲ ಒಳಗೆ ಸಾಗಿಸಿದೆವು.

ಇವತ್ತು ಉದ್ಘಾಟನೆ. ಮೇಡಂ ಟೇಪನ್ನು ಅಜ್ಜನ ಕೈಲೇ ಕತ್ತರಿಸಬೇಕು ಅಂತ ಹಟ ಹಿಡಿದರು. ಕತ್ತರಿಸಿದೆ, ಚಪ್ಪಾಳೆ ಬಿತ್ತು. ಆಮೇಲೆ ನೋಡಿದರೆ ಅವರ ಕಾರಿನ ಹಿಂದೆ ಒಂದು ಬಿಳೀ ವ್ಯಾನು ನಿಂತಿದೆ. ಮೇಡಂ ನನ್ನ ಕೈ ಹಿಡಿದುಕೊಂಡು, "ಅಜ್ಜಾ, ನಿಮಗೆ ಬೆಂಗಳೂರಲ್ಲಿ ಒಳ್ಳೇ ಆಶ್ರಮದಲ್ಲಿ ವ್ಯವಸ್ಥೆ ಮಾಡಿದ್ದೀವಿ. ಮಂಚ, ಟೀವಿ, ಹೊತ್ತುಹೊತ್ತಿಗೆ ಊಟ. ಇವತ್ತೇ ಹೊರಡೋಣ" ಅಂದರು. ಒಬ್ಬಳು ನರ್ಸ್ ಬಂದು ನನ್ನ ಕಂಕುಳಿಗೆ ಕೈ ಹಾಕಿದಳು.

ಮಾಯಣ್ಣ ಶಾಮಿಯಾನದ ಹಿಂದೆ ಮಾಯವಾದ. ನಾನು ಬೆವತುಹೋದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಶೆಡ್ಡಿನ ಕತೆ ಏನು? ಹೇಳದಿದ್ದರೆ ನನ್ನ ಕತೆ ಏನು? ಶಿವರುದ್ರಿ ಸೋಮವಾರ ಬಂದಿಳಿದರೆ ಗಂಡ ಬೆಂಗಳೂರಿನ ಆಶ್ರಮದಲ್ಲಿ. ಹೇಳಿಯೇಬಿಡೋಣ ಅಂತ ಬಾಯಿ ತೆಗೆದೆ. ನರ್ಸ್ ವ್ಯಾನಿನ ಕಡೆ ಎರಡು ಹೆಜ್ಜೆ ನಡೆಸಿದ್ದಳು ಆಗಲೇ.

"ಕೈ ಬುಡವ್ವ" ಅಂತ ಚಿಕ್ಕಗಂಗಮ್ಮ ಅಡ್ಡ ಬಂದಳು. ಗಟ್ಟಿಯಾಗಿ ಅನ್ನಲಿಲ್ಲ, ಆದರೂ ನರ್ಸ್ ಕೈ ಬಿಟ್ಟಳು. "ಇವ್ರು ನಮ್ಮಣ್ಣ ಮೇಡಂ. ನಾವಿಷ್ಟು ಜನ ಇರೋವಾಗ ಆಶ್ರಮ ಯಾಕೆ?"

"ಅಮ್ಮಾ, ನಿಮಗೇ ಕಷ್ಟ ಇದೆ. ಒಬ್ಬರ ಭಾರ ಕಡಿಮೆ ಆಗ್ಲಿ ಅಂತ…"

"ಭಾರ ಅಂತ ಯಾರ್ ಅಂದ್ರು?" ಅಂದಳು. ಆಮೇಲೆ ಶೆಡ್ಡಿನ ಕಡೆ ತಿರುಗಿ ನೋಡಿದಳು, ಎಷ್ಟು ಮಳೆಗೆ ಎಷ್ಟು ಕಡ್ಡಿ ಒಲೆಗೆ ಹಾಕಿದ್ದಳೋ ಅವಳಿಗೇ ಗೊತ್ತು. "ಶೆಡ್ ಬೇಕಾದ್ರೆ ಬಿಚ್ಚಿಸ್ಕಂಡು ಹೋಗಿ. ಅಣ್ಣನ್ನ ಕಳ್ಸಾಕಿಲ್ಲ."

ಇವರಿಗೆ ಮನೆ ಐತೆ, ಪಿಂಚಣಿ ಐತೆ, ಹೆಂಡ್ತಿ ನಾಳಿದ್ದು ಬತ್ತಾರೆ ಅಂತ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಅವಳಿಗೆ ಅದು ಗೊತ್ತಿಲ್ಲವಾ? ಹೇಳಲಿಲ್ಲ. ಮೈಕು ಹಿಡಿದು ಬಾಳಿದ ನಾನೂ ತೆಗೆದ ಬಾಯಿ ಮುಚ್ಚಿ ಅವಳ ಪಕ್ಕ ಹೋಗಿ ನಿಂತೆ. ಮೇಡಂ ಚಿಕ್ಕಗಂಗಮ್ಮನಿಗೆ ಕೈ ಮುಗಿದರು. ವ್ಯಾನು ಖಾಲಿ ಹೋಯಿತು. ಶೆಡ್ಡು ಉಳಿಯಿತು.

ಊಟಕ್ಕೆ ಕೂತಾಗ ಕೆಂಚಯ್ಯ, "ಟೀವಿ ಐತಂತೆ ಭಾವ, ಹೋಗಿದ್ರೆ ಆಗ್ತಿತ್ತು" ಅಂದ. ಅವನ ತಟ್ಟೆಯ ಮುದ್ದೆ ಎತ್ತಿ ನನ್ನ ತಟ್ಟೆಗೆ ಹಾಕಿಕೊಂಡೆ.

ನವೆಂಬರ್ 10, ಭಾನುವಾರ

ನಾಳೆ ಶಿವರುದ್ರಿ ಬರ್ತಾಳೆ. ಕುರ್ಚಿ ತೊಳೆದೆ. ಗಡ್ಡ ತೆಗೆಯೋಣ ಅಂತ ಕನ್ನಡಿ ಮುಂದೆ ಕೂತಿದ್ದೆ, ಚಿಕ್ಕಗಂಗಮ್ಮನ ಫೋನ್ ಬಂತು. "ಕೆರ್ಕಬ್ಯಾಡಿ ಅಣ್ಣಯ್ಯ. ಮೇಡಂ ಸಂಕ್ರಾಂತಿಗೆ ಮತ್ತೆ ಬತ್ತಾರಂತೆ, ನಿಮ್ಮನ್ನ ನೋಡಕ್ಕೇ ಅಂತೆ. ಅತ್ತಿಗೇರ್ಗೂ ಒಂದು ಹಳೇ ಸೀರೆ ಎತ್ತಿಡಕ್ಕೇಳಿ."

ಹಳೇ ಸೀರೆ ವಿಚಾರ ಶಿವರುದ್ರಿಗೆ ಹೇಗೆ ಹೇಳೋದು ಅಂತ ಯೋಚನೆ ಮಾಡ್ತಿದ್ದೇನೆ.